ಒಂದು ಲೀಟರ್ ಅಂದ್ರೆ ಎಷ್ಟು ನೀರು?

ಓಆರ್‌ಎಸ್ ಪಾಕೀಟನ್ನು ಯಾವತ್ತಾದರೂ ಪೂರ್ತಿ ಓದಿದ್ದೀರಾ? ಕುಡಿದಿರ್ತೀರಿ, ಓದಿರಲಿಕ್ಕಿಲ್ಲ. ಕಥೆ, ಸಿನಿಮಾಗಳನ್ನೆಲ್ಲ ವಿಮರ್ಶೆ ಮಾಡ್ತೀವಲ್ಲ, ಇದನ್ನೂ ಒಂದು ಬರಹ ಅಂತ ಓದೋಣ ಅನ್ನಿಸಿ ಮೊನ್ನೆ ಕಲಬುರಗಿಯ ಸ್ಟೇಶನ್ ಬಜಾರದಿಂದ ಎರಡು ಪಾಕೀಟು ತಂದೆ. ಒಂದರಲ್ಲಿ ಸುಮಾರು 21 ಗ್ರಾಂ ಪುಡಿ, ಒಂದು ಲೀಟರ್ ನೀರಿಗೆ. ಇನ್ನೊಂದರಲ್ಲಿ ಸುಮಾರು 4 ಗ್ರಾಂ, 200 ಮಿಲಿಲೀಟರಿಗೆ. ಎರಡಕ್ಕೂ ಹೆಚ್ಚುಕಡಿಮೆ ಒಂದೇ ಬಣ್ಣ, ಎರಡರ ಮೇಲೂ ಕಿತ್ತಳೆ ಹಣ್ಣು. ನೀರೆಷ್ಟು ಅನ್ನೋದು ಮಾತ್ರ ಹಿಂಬದಿಯಲ್ಲಿ, ಬ್ಯಾಚ್ ನಂಬರಿನ ಪಕ್ಕ, ಇಂಗ್ಲಿಷಿನಲ್ಲಿ, ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ. ನಮ್ಮ ಆಫೀಸಿನಲ್ಲಿ ಯಾರಾದರೂ ಇಂಥ ಸ್ಕ್ರೀನ್ ಮಾಡಿ ತಂದರೆ ಮೊದಲ ರಿವ್ಯೂದಲ್ಲೇ ವಾಪಸ್ ಹೋಗುತ್ತೆ.

ಇಷ್ಟು ತಕರಾರು ಯಾಕೆ ಅಂದ್ರೆ, ಇಲ್ಲಿ ಅಳತೆಯೇ ಔಷಧ. ವಿಶ್ವ ಆರೋಗ್ಯ ಸಂಸ್ಥೆ 2002ರಲ್ಲಿ ಪರಿಷ್ಕರಿಸಿದ ಸೂತ್ರದಲ್ಲಿ ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್ ಇದೆ. ಸಣ್ಣ ಕರುಳು ಗ್ಲೂಕೋಸಿನ ಜೊತೆ ಸೋಡಿಯಂ ಅನ್ನು ಒಳಗೆ ಎಳೆದುಕೊಳ್ಳುತ್ತೆ, ಅವುಗಳ ಬೆನ್ನಿಗೆ ನೀರೂ ಹೋಗುತ್ತೆ. ಭೇದಿ ಜೋರಾಗಿದ್ದಾಗಲೂ ಈ ಬಾಗಿಲು ಮುಚ್ಚಿರೋದಿಲ್ಲ. ಆದರೆ ಲೀಟರಿನ ಪುಡಿಯನ್ನೆಲ್ಲ ಒಂದೇ ಗ್ಲಾಸಿಗೆ ಸುರಿದು ಕುಡಿಸಿದರೆ ಕೂಸಿನ ರಕ್ತದಲ್ಲಿ ಸೋಡಿಯಂ ಏರಿ ಫಿಟ್ಸ್ ಬರುವವರೆಗೂ ಹೋಗಬಹುದು. ಸಣ್ಣ ಪಾಕೀಟನ್ನು ಲೀಟರಿಗೆ ಹಾಕಿದರೆ ಬರೀ ನೀರು ಕುಡಿಸಿದ ಹಾಗೆ.

ನಾನು ಅಂಗಡಿಯಲ್ಲಿ ನಿಂತಿದ್ದಾಗಲೇ ಕಮಲಾಪುರದ ಕಡೆಯ ಒಬ್ಬಾಕೆ ಬಂದಳು. “ಅಣ್ಣಾ, ಕೂಸಿಗಿ ಹೊಟ್ಟಿ ಝಾಡಸ್ಲಾಕತ್ತದ, ಏನರ ಕೊಡ್ರಿ.” ಹುಡುಗ ದೊಡ್ಡ ಪಾಕೀಟು ಕೊಟ್ಟ. “ಇದು ಹ್ಯಾಂಗ ಕುಡಸ್ಬೇಕ್ರಿ?” “ನೀರಾಗ ಹಾಕಿ ಕುಡಸ್ರಿ ಅಕ್ಕಾ.” ಎಷ್ಟು ನೀರಾಗ ಅಂತ ಅವನೂ ಹೇಳಲಿಲ್ಲ, ಬಸ್ಸಿನ ಗಡಿಬಿಡಿಯಲ್ಲಿ ಆಕೆಯೂ ಕೇಳಲಿಲ್ಲ. ನಾನೇ ನನ್ನ ಕೈಯಲ್ಲಿದ್ದ ಲೀಟರ್ ಬಾಟಲಿ ತೋರಿಸಿ, “ಅಕ್ಕಾ, ಇದರ ತುಂಬ ನೀರಿಗಿ ಪೂರಾ ಪುಡಿ, ನಾಳಿಗಿ ಉಳಿದದ್ದು ಚೆಲ್ಲಿಬಿಡ್ರಿ” ಅಂದೆ. ಇದನ್ನು ಹೇಳಬೇಕಾದದ್ದು ಪಾಕೀಟು. ಒಂದು ಬಾಟಲಿ ಚಿತ್ರ ಸಾಕಿತ್ತು. ಕಿತ್ತಳೆ ಹಣ್ಣಿಗೆ ಜಾಗ ಇದ್ದಮೇಲೆ ಬಾಟಲಿಗೂ ಇರಲೇಬೇಕಲ್ಲ!

ಹಂಗಂತ ಕನ್ನಡದಲ್ಲಿ ಬರೆದ ಕೂಡಲೇ ಮುಗೀತು ಅಂತೇನಿಲ್ಲ. ಸರ್ಕಾರಿ ಗೋಡೆಬರಹಗಳಲ್ಲಿ ಕನ್ನಡವೇ ಇರೋದು, ಆದರೆ ‘ಅತಿಸಾರ’, ‘ನಿರ್ಜಲೀಕರಣ’. ನಮ್ಮ ಕಡೆ ಅತಿಸಾರ ಯಾರಿಗೂ ಆಗೋದಿಲ್ಲ, ಹೊಟ್ಟಿ ಝಾಡಸ್ತದ, ಜುಲಾಬ್ ಹತ್ತಾವ. ನಿರ್ಜಲೀಕರಣ ಅಂತ ಬರೆಯೋ ಬದಲು ‘ಕಣ್ಣು ಒಳಗ ಹೋಗ್ಯಾವ, ಬಾಯಿ ಒಣಗ್ಯಾದ, ಅತ್ತರ ಕಣ್ಣೀರಿಲ್ಲ’ ಅಂತ ಬರೆದರೆ ಓದು ಬಾರದ ಅಜ್ಜಿಗೂ ಯಾರಾದರೂ ಓದಿ ಹೇಳಬಹುದು.

ಇದಕ್ಕಿಂತ ಕೆಟ್ಟ ಬರಹ ಅಂದ್ರೆ ಟೆಟ್ರಾ ಪ್ಯಾಕ್. ಹೆಸರಿನಲ್ಲಿ ಓಆರ್‌ಎಸ್ ಅಕ್ಷರ, ಒಳಗೆ ಸೂತ್ರಕ್ಕಿಂತ ಹಲವು ಪಟ್ಟು ಸಕ್ಕರೆ. ಇಷ್ಟು ಸಕ್ಕರೆ ಕರುಳಿಗೆ ನೀರನ್ನು ಎಳೆದು ಭೇದಿಯನ್ನೇ ಹೆಚ್ಚಿಸುತ್ತೆ. ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಇದರ ವಿರುದ್ಧ ಹೋರಾಡಿದರು. ಎಫ್‌ಎಸ್‌ಎಸ್‌ಎಐ 2022ರಲ್ಲಿ ಮೊದಲು ಆ ಹೆಸರು ಬೇಡ ಅಂತು, ಕೆಲವೇ ತಿಂಗಳಲ್ಲಿ ‘ಇದು ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ್ದಲ್ಲ’ ಅಂತ ಒಂದು ಸಾಲು ಹಾಕಿದರೆ ಸಾಕು ಅಂತು. ಆ ವಿನಾಯಿತಿ ರದ್ದಾಗಿದ್ದು 2025ರ ಅಕ್ಟೋಬರಿನಲ್ಲಿ. ಅಲ್ಲಿಯವರೆಗೆ ದೊಡ್ಡ ಅಕ್ಷರ ಒಂದು ಹೇಳ್ತಿತ್ತು, ಸಣ್ಣ ಅಕ್ಷರ ಅದನ್ನು ಅಲ್ಲಗಳೀತಿತ್ತು. ಜ್ವರದ ಕೂಸನ್ನು ಹೆಗಲಿಗೆ ಹಾಕಿಕೊಂಡು ನಿಂತವರು ಯಾವುದನ್ನು ಓದ್ತಾರೆ ಹೇಳಿ.

ಇಷ್ಟೆಲ್ಲ ಆದಮೇಲೂ ಪುಡಿ ತಾನಾಗೇ ಏನೂ ಮಾಡೋದಿಲ್ಲ, ಯಾರೋ ಕೂತು ಕುಡಿಸಬೇಕು. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ಆಸ್ಪತ್ರೆಯಲ್ಲಿ ಬಾಂಗ್ಲಾ ನಿರಾಶ್ರಿತರಿಗೆ ಕಾಲರಾ ಬಂದು ಸಲೈನ್ ಸಾಲದಾದಾಗ, ಡಾ. ದಿಲೀಪ್ ಮಹಲನಬಿಸ್ ಉಪ್ಪು-ಗ್ಲೂಕೋಸ್ ನೀರನ್ನು ಡ್ರಮ್ಮಿನಲ್ಲಿ ಕಲಸಿಟ್ಟು, ಕುಡಿಸೋ ಕೆಲಸವನ್ನು ರೋಗಿಗಳ ಮನೆಯವರ ಕೈಗೇ ಕೊಟ್ಟರು. ಶೇ. 30ರಷ್ಟಿದ್ದ ಸಾವು ಶೇ. 4ಕ್ಕಿಂತ ಕೆಳಗಿಳಿಯಿತು. ಈ ಕಥೆ ಹೇಳುವಾಗ ನಾವು ಪುಡಿಯನ್ನು ಹೊಗಳ್ತೀವಿ, ಲೋಟ ಹಿಡಿದ ಕೈಗಳನ್ನು ಮರೀತೀವಿ. ಎರಡು ವರ್ಷದೊಳಗಿನ ಕೂಸಿಗೆ ಪ್ರತಿ ಸಲ ಭೇದಿ ಆದಮೇಲೆ 50ರಿಂದ 100 ಮಿಲಿಲೀಟರ್, ಅದೂ ಚಮಚದಲ್ಲಿ. ವಾಂತಿ ಮಾಡಿದರೆ ಹತ್ತು ನಿಮಿಷ ಬಿಟ್ಟು ಮತ್ತೆ, ಎರಡು-ಮೂರು ನಿಮಿಷಕ್ಕೊಂದು ಚಮಚ. ಮೊಲೆಹಾಲು, ಊಟ ನಿಲ್ಲಿಸೋ ಹಾಗಿಲ್ಲ. (ಬಾಳೆಹಣ್ಣು ಕಿವುಚಿ ಕೊಡಿ ಅಂತಾರೆ, ಪೊಟ್ಯಾಸಿಯಂ ಇರುತ್ತೆ. ಜಿಐ ಟ್ಯಾಗ್ ಇರೋ ಕಮಲಾಪುರದ ಕೆಂಪು ಬಾಳೆಯೇ ಆಗಬೇಕಂತಿಲ್ಲ, ಅದರ ರೇಟು ಕೇಳಿದರೆ ನಮಗೇ ತಲೆ ತಿರುಗುತ್ತೆ.) ಇಡೀ ರಾತ್ರಿಯ ಈ ಕೆಲಸ ನರ್ಸಿಂಗ್ ಅಲ್ಲದೆ ಮತ್ತೇನು? ಆಸ್ಪತ್ರೆಯಲ್ಲಿ ಡಾಕ್ಟರು ಚೀಟಿ ಬರೆಯೋಕೆ ಎರಡು ನಿಮಿಷ ಸಾಕು. ಚಮಚ ಹಿಡಿಯೋದನ್ನು ತಾಯಿಗೆ ಕಲಿಸೋಕೆ ಸಿಸ್ಟರಿಗೆ ಇಪ್ಪತ್ತು ನಿಮಿಷ ಬೇಕು, ವಾರ್ಡು ತುಂಬಿದ ದಿನ ಆ ಇಪ್ಪತ್ತು ಎಲ್ಲಿಂದ ಬರಬೇಕು? ನನಗೆ ಗೊತ್ತಿರೋ ಒಬ್ಬ ಸಿಸ್ಟರ್ ಪಾಕೀಟಿನ ಮೇಲೆ ಮಾರ್ಕರ್‌ನಲ್ಲಿ ಬಾಟಲಿ ಬರೆದು, ಕುತ್ತಿಗೆಯ ಹತ್ತಿರ ಗೆರೆ ಎಳೆದು ಕೊಡ್ತಾರೆ. ಕಂಪನಿ ಬಿಟ್ಟ ಕೆಲಸವನ್ನು ಅವರು ತಮ್ಮ ಪೆನ್ನಿನಿಂದ ಮುಗಿಸ್ತಾರೆ.

ಜಿಂಕ್ ಮಾತ್ರೆಯದ್ದು ಇನ್ನೊಂದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಭೇದಿಯಾದ ಮಕ್ಕಳಲ್ಲಿ ಓಆರ್‌ಎಸ್ ಸಿಕ್ಕಿದ್ದು ಶೇ. 60ರಷ್ಟು ಮಕ್ಕಳಿಗೆ, ಜಿಂಕ್ ಶೇ. 30ರಷ್ಟಕ್ಕೆ. ಸಿಕ್ಕವರಲ್ಲೂ ಭೇದಿ ಮೂರನೇ ದಿನಕ್ಕೆ ನಿಂತರೆ ಉಳಿದ ಮಾತ್ರೆ ಡಬ್ಬಿ ಸೇರುತ್ತೆ. 14 ದಿನ ಕೊಟ್ಟರೆ ಮುಂದಿನ ಎರಡು-ಮೂರು ತಿಂಗಳು ಮತ್ತೆ ಭೇದಿ ಆಗೋದು ಕಡಿಮೆ ಆಗುತ್ತೆ ಅನ್ನೋ ಒಂದು ಸಾಲು, ನಾನು ತಂದ ಸ್ಟ್ರಿಪ್ಪಿನ ಮೇಲೆ ಯಾವ ಭಾಷೆಯಲ್ಲೂ ಇಲ್ಲ.