ಪಟ್ಟಿಗೆ ಸಿಗದ ಹೆಣ್ಣುಮಕ್ಕಳು

ಮಾರ್ಚ್ 8 ಬಂತೆಂದರೆ ಪತ್ರಿಕೆಗಳಲ್ಲಿ, ಶಾಲೆ ಕಾಲೇಜುಗಳ ಗೋಡೆಗಳಲ್ಲಿ ಒಂದು ಪಟ್ಟಿ ಕಾಣಿಸಿಕೊಳ್ಳುತ್ತದೆ. ದೆಹಲಿಯ ಸಿಂಹಾಸನವೇರಿದ ಪ್ರಥಮ ಮಹಿಳೆ ರಝಿಯಾ ಸುಲ್ತಾನ, ಬಾಹ್ಯಾಕಾಶಕ್ಕೆ ಹೋದ ಪ್ರಥಮ ಮಹಿಳೆ ವ್ಯಾಲೆಂಟಿನಾ ತೆರೆಶ್ಕೋವಾ, ಭಾರತದ ಪ್ರಥಮ ಮಹಿಳಾ ಪ್ರಧಾನಿ ಇಂದಿರಾ ಗಾಂಧಿ ಹೀಗೆ ಅದು ಸಾಗುತ್ತದೆ. ಈಗ ಅದಕ್ಕೆ ನಮ್ಮ ಬಾನು ಮುಷ್ತಾಕ್ ಅವರ ಹೆಸರೂ ಸೇರಿದೆ. 2025ರಲ್ಲಿ ಅವರಿಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ಇಡೀ ನಾಡು ಸಂಭ್ರಮಿಸಿತು. ಸಂಭ್ರಮಿಸಬೇಕಾದದ್ದೇ. ಆದರೆ ಬಂಡಾಯ ಚಳವಳಿಯ ದಿನಗಳಿಂದಲೂ ಅವರು ಬರೆಯುತ್ತಲೇ ಇದ್ದರಲ್ಲವೇ? ಪಟ್ಟಿ ತಯಾರಿಸುವವರ ಕಣ್ಣಿಗೆ ಬಿದ್ದದ್ದು ಪ್ರಶಸ್ತಿ. ಅದರ ಹಿಂದಿದ್ದ ದಶಕಗಳ ದುಡಿಮೆ ಬೀಳಲಿಲ್ಲ.

ಸಾಧಕಿಯರನ್ನು ನೆನೆಯುವುದಕ್ಕೆ ಯಾರ ಆಕ್ಷೇಪವೂ ಇರಲಾರದು. ಪ್ರಶ್ನೆ ಇರುವುದು ನಾವು ಹಿಡಿದ ಅಳತೆಗೋಲಿನ ಬಗ್ಗೆ. ಪದವಿ, ಪ್ರಶಸ್ತಿ ಮತ್ತು 'ಪ್ರಥಮ' ಎಂಬ ವಿಶೇಷಣ ಈ ಮೂರರಲ್ಲಿ ಒಂದಾದರೂ ಇಲ್ಲದವಳು ಇತಿಹಾಸದೊಳಗೆ ಬರುವುದು ಹೇಗೆ? ಈ ಅಳತೆಗೋಲು ಎಲ್ಲಿ ಸೋಲುತ್ತದೆ ಎಂಬುದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ನಮ್ಮದೇ ಕೋಲಾರದ ಚಿನ್ನದ ಗಣಿಯನ್ನು ನೋಡಿದರೆ ಸಾಕು.

ಕೆಜಿಎಫ್ ಎಂದೊಡನೆ ಇಂದಿನ ಯುವಕರಿಗೆ ನೆನಪಾಗುವುದು 2018 ಮತ್ತು 2022ರಲ್ಲಿ ತೆರೆಕಂಡ ಸಿನಿಮಾಗಳು. ಅಲ್ಲಿ ಹೆಣ್ಣು ಮಗನಿಗೆ ಛಲ ತುಂಬಿ ಕಣ್ಮುಚ್ಚುವ ತಾಯಿ, ಇಲ್ಲವೇ ನಾಯಕನ ಪ್ರೇಯಸಿ. ನಿಜವಾದ ಕೆಜಿಎಫ್‌ನಲ್ಲಿ 1880ರಲ್ಲಿ ಜಾನ್ ಟೇಲರ್ ಕಂಪೆನಿ ಕೆಲಸ ಶುರುಮಾಡಿದಂದಿನಿಂದ 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಗಣಿ ಮುಚ್ಚುವವರೆಗೆ 120 ವರ್ಷಗಳ ಬದುಕು ನಡೆದಿದೆ. ಅದರಲ್ಲಿ ಚಿನ್ನಕ್ಕೆ ಸಂಬಂಧವೇ ಇಲ್ಲದ ಒಂದು ಅಧ್ಯಾಯವೂ ಇದೆ.

ಆಕಾಶದಿಂದ ಸದಾ ಸುರಿಯುವ ಕಾಸ್ಮಿಕ್ ಕಿರಣಗಳಲ್ಲಿ ಹೆಚ್ಚಿನವನ್ನು ಬಂಡೆ ತಡೆಯುತ್ತದೆ. ಆಳಕ್ಕೆ ಇಳಿದಂತೆಲ್ಲ ಉಳಿದವುಗಳನ್ನು ಗುರುತಿಸುವುದು ಸುಲಭ. ಜಗತ್ತಿನ ಅತಿ ಆಳದ ಗಣಿಗಳಲ್ಲೊಂದಾದ ಚಾಂಪಿಯನ್ ರೀಫ್ ವಿಜ್ಞಾನಿಗಳನ್ನು ಸೆಳೆದದ್ದು ಇದೇ ಕಾರಣಕ್ಕೆ. ನಂಜನಗೂಡು ಮೂಲದ ಬಿ.ವಿ. ಶ್ರೀಕಂಠನ್ 1950ರ ದಶಕದ ಆರಂಭದಲ್ಲೇ ಇಲ್ಲಿ ಪ್ರಯೋಗ ನಡೆಸಿದರು. 1965ರಲ್ಲಿ ಭಾರತ, ಜಪಾನ್ ಮತ್ತು ಬ್ರಿಟನ್ನಿನ ವಿಜ್ಞಾನಿಗಳು ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಸುಳಿವು ಪಡೆದರು. ಕೆಜಿಎಫ್‌ನ ಈ ಕಾಸ್ಮಿಕ್ ಕಿರಣ ಸಂಶೋಧನೆಯ ಕಾಲದಲ್ಲಿ ಇಲ್ಲಿ ಕೆಲಸ ಮಾಡಿದವರಲ್ಲಿ ಒಬ್ಬ ಮಹಿಳೆಯೂ ಇದ್ದರು. ಹೆಸರು ಬಿಭಾ ಚೌಧುರಿ.

1913ರಲ್ಲಿ ಕೋಲ್ಕತ್ತದಲ್ಲಿ ಜನಿಸಿದ ಬಿಭಾ 1936ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದಿಂದ ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಪದವಿ ಪಡೆದಾಗ ಆ ತರಗತಿಯಲ್ಲಿದ್ದ ಏಕೈಕ ಹೆಣ್ಣುಮಗಳು. ಅದೇ ನಗರದಲ್ಲಿ ಬೇಗಂ ರುಕಿಯಾ ಅವರು 1911ರಲ್ಲಿ ಹೆಣ್ಣುಮಕ್ಕಳಿಗಾಗಿ ಶಾಲೆ ನಡೆಸಲು ಹೊರಟಾಗ ಮನೆ ಮನೆ ತಿರುಗಿ ವಿದ್ಯಾರ್ಥಿನಿಯರನ್ನು ಹುಡುಕಬೇಕಾಗಿತ್ತು. ರುಕಿಯಾ 1905ರಲ್ಲೇ 'ಸುಲ್ತಾನಾಳ ಕನಸು' ಕಥೆಯಲ್ಲಿ ಮಹಿಳಾ ವಿಜ್ಞಾನಿಗಳ ನಾಡನ್ನು ಕಲ್ಪಿಸಿದ್ದರು. ಆ ಕಲ್ಪನೆಗೂ ಬಿಭಾರ ಎಂ.ಎಸ್ಸಿ.ಗೂ ನಡುವೆ ಇರುವುದು ಬರೇ 31 ವರ್ಷ.

ಡಿ.ಎಂ. ಬೋಸ್ ಅವರೊಂದಿಗೆ ಬಿಭಾ ಡಾರ್ಜಿಲಿಂಗ್, ಸಂದಕ್‌ಫುವಿನ ಎತ್ತರದಲ್ಲಿ ಫೋಟೋ ಪ್ಲೇಟುಗಳನ್ನಿಟ್ಟು ಕಿರಣಗಳ ಗುರುತು ಹಿಡಿದರು. ಫಲಿತಾಂಶಗಳು 1940ರ ದಶಕದ ಆರಂಭದಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದವು. ಇನ್ನೂ ಸೂಕ್ಷ್ಮವಾದ ಪ್ಲೇಟುಗಳು ಬೇಕಾಗಿದ್ದವು. ಮಹಾಯುದ್ಧದ ದಿನಗಳಲ್ಲಿ ಅವು ಭಾರತಕ್ಕೆ ಬರುವಂತಿರಲಿಲ್ಲ. ಮುಂದೆ ಉತ್ತಮ ಪ್ಲೇಟುಗಳನ್ನು ಬಳಸಿ ಪಯಾನ್ ಎಂಬ ಕಣವನ್ನು ಗುರುತಿಸಿದ ಸೆಸಿಲ್ ಪೊವೆಲ್ 1950ರಲ್ಲಿ ನೊಬೆಲ್ ಪಡೆದರು. ಬಿಭಾ ಮ್ಯಾಂಚೆಸ್ಟರಿನಲ್ಲಿ ಬ್ಲ್ಯಾಕೆಟ್ ಅವರ ಪ್ರಯೋಗಾಲಯದಲ್ಲಿ ಸಂಶೋಧನೆ ನಡೆಸಿ, 1949ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಅಲ್ಲಿನ ಪ್ರಥಮ ಮಹಿಳಾ ವಿಜ್ಞಾನಿಯಾಗಿ ಸೇರಿದರು. ನಂತರ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದಲ್ಲಿದ್ದಾಗ ಕೆಜಿಎಫ್ ಪ್ರಯೋಗಗಳಲ್ಲಿ ತೊಡಗಿಕೊಂಡರು. 1991ರಲ್ಲಿ ತೀರಿಕೊಂಡಾಗ ದೇಶದ ಯಾವ ವಿಜ್ಞಾನ ಅಕಾಡೆಮಿಯ ಫೆಲೋಶಿಪ್ಪೂ ಅವರಿಗೆ ದೊರೆತಿರಲಿಲ್ಲ.

ಇದಕ್ಕಿಂತ ಯೋಚಿಸಬೇಕಾದ ಇನ್ನೊಂದು ವಿಷಯವಿದೆ. ಮಹಿಳಾ ವಿಜ್ಞಾನಿಗಳನ್ನು ಪರಿಚಯಿಸಲೆಂದೇ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ 2008ರಲ್ಲಿ 'ಲೀಲಾವತೀಸ್ ಡಾಟರ್ಸ್' ಎಂಬ ಗ್ರಂಥ ಹೊರತಂದಿತು. ಸುಮಾರು ನೂರು ಮಂದಿಯ ಆ ಒಳ್ಳೆಯ ಪುಸ್ತಕದಲ್ಲೂ ಬಿಭಾ ಇಲ್ಲ. ಅಂದರೆ ಮರೆತವರನ್ನು ನೆನೆಯಲು ಹೊರಟ ಪಟ್ಟಿಯೇ ಅವರನ್ನು ಮರೆಯಿತು. 2018ರಲ್ಲಿ ರಾಜಿಂದರ್ ಸಿಂಗ್ ಮತ್ತು ಸುಪ್ರಕಾಶ್ ರಾಯ್ ಅವರ ಜೀವನಚರಿತ್ರೆ ಬರೆದ ಮೇಲೆ ಚಿತ್ರ ಬದಲಾಯಿತು. 2019ರಲ್ಲಿ ಒಂದು ನಕ್ಷತ್ರಕ್ಕೇ 'ಬಿಭಾ' ಎಂಬ ಹೆಸರು ಬಂತು.

ಆದರೆ ಈಗ ಎರಡನೆಯ ತಪ್ಪು ಆರಂಭವಾಗಿದೆ. ಇತ್ತೀಚಿನ ಲೇಖನಗಳಲ್ಲಿ ಬಿಭಾ ಎಂದರೆ 'ನೊಬೆಲ್ ತಪ್ಪಿಸಿಕೊಂಡ ಮಹಿಳೆ'. ಬೋಸ್ ಮತ್ತು ಬಿಭಾ ಕಂಡದ್ದು ದೃಢವಾದ ಸುಳಿವು. ಅದನ್ನು ಸಂಶಯಾತೀತವಾಗಿ ಸಾಧಿಸುವ ಸಾಮಗ್ರಿ ಅವರ ಕೈಯಲ್ಲಿರಲಿಲ್ಲ. ಹೀಗೆ ಹೇಳಿದರೆ ಅವರ ಗೌರವಕ್ಕೆ ಕುಂದಾಗುವುದೇ? ಅತಿಯಾದ ಹೊಗಳಿಕೆಯಲ್ಲೂ ಅಳತೆಗೋಲು ಮತ್ತದೇ ಪ್ರಶಸ್ತಿ. ಅಂದು ಪ್ರಶಸ್ತಿ ಬರಲಿಲ್ಲವೆಂದು ಮರೆತೆವು, ಇಂದು ಬರಬೇಕಿತ್ತೆಂದು ನೆನೆಯುತ್ತಿದ್ದೇವೆ. ಆಕೆ ಮಾಡಿದ ಕೆಲಸವೇನು ಎಂದು ಕೇಳುವವರು ಎರಡು ಕಾಲದಲ್ಲೂ ಕಡಿಮೆ.

'ಪ್ರಥಮ' ಎಂಬ ಮಾತಿನ ಕಥೆಯೂ ಹೀಗೆಯೇ. 1952ರ ಗಣಿ ಕಾಯ್ದೆಯ 46ನೇ ಸೆಕ್ಷನ್ ಭೂಗತ ಗಣಿಯಲ್ಲಿ ಮಹಿಳೆಯರ ನೇಮಕವನ್ನು ನಿಷೇಧಿಸಿತ್ತು. ಕೇಂದ್ರ ಸರಕಾರ ಅದನ್ನು ಸಡಿಲಿಸಿದ್ದು 2019ರಲ್ಲಿ, ಅದೂ ತಾಂತ್ರಿಕ, ಮೇಲ್ವಿಚಾರಣೆ ಮತ್ತು ಆಡಳಿತದ ಹುದ್ದೆಗಳಿಗೆ ಮಾತ್ರ. ಅಷ್ಟರಲ್ಲಿ ಕೆಜಿಎಫ್ ಮುಚ್ಚಿ 18 ವರ್ಷಗಳಾಗಿದ್ದವು. 2021ರಲ್ಲಿ ಜಾರ್ಖಂಡಿನ ಭೂಗತ ಕಲ್ಲಿದ್ದಲು ಗಣಿಗೆ ಮಹಿಳಾ ಇಂಜಿನಿಯರ್ ಒಬ್ಬರು ಸೇರಿದಾಗ 'ಪ್ರಥಮ' ಎಂದು ದೊಡ್ಡ ಸುದ್ದಿಯಾಯಿತು. ಇಂಜಿನಿಯರ್ ಆಗಿ ಅವರ ಸಾಧನೆ ದೊಡ್ಡದೇ. ಆದರೆ ಅದೇ ಸೀಮೆಯ ಝರಿಯಾ ಮತ್ತು ನೆರೆಯ ರಾಣಿಗಂಜ್‌ನ ಗಣಿಗಳಲ್ಲಿ 1920ರ ದಶಕದಲ್ಲಿ ಸಾವಿರಾರು ಹೆಂಗಸರು ನೆಲದಡಿ ಕಲ್ಲಿದ್ದಲು ಹೊರುತ್ತಿದ್ದರು. 1929ರಿಂದ ಬ್ರಿಟಿಷ್ ಸರಕಾರ ಹಂತ ಹಂತವಾಗಿ ಅವರನ್ನು ಮೇಲಕ್ಕೆ ಕಳಿಸಿತು. ಯುದ್ಧಕ್ಕೆ ಕಲ್ಲಿದ್ದಲು ಬೇಕಾದಾಗ 1943ರಲ್ಲಿ ಮತ್ತೆ ಕೆಳಗಿಳಿಸಿತು, ಯುದ್ಧ ಮುಗಿದ ಮೇಲೆ 1946ರಲ್ಲಿ ಮತ್ತೆ ಹೊರಹಾಕಿತು. ಇಂದಿನ 'ಪ್ರಥಮ'ಕ್ಕಿಂತ ಮೊದಲು ಇಷ್ಟೊಂದು ಮಂದಿ ಇದ್ದರು. ಅವರ ಹೆಸರು ಯಾರ ಪಟ್ಟಿಯಲ್ಲಿದೆ?

ಕೆಜಿಎಫ್‌ನ ಕಾರ್ಮಿಕ ಹೆಂಗಸರ ಪಾಡೂ ಬೇರೆಯಲ್ಲ. ಉತ್ತರ ಆರ್ಕಾಟ್, ಚಿತ್ತೂರು ಕಡೆಯಿಂದ ಬಂದ ದಲಿತ ಕುಟುಂಬಗಳು ತಡಿಕೆ ಗೋಡೆಯ ಲೈನ್ ಮನೆಗಳಲ್ಲಿ ಬಾಳಿದವು. ಗಣಿಯ ದೂಳು ಗಂಡಸರ ಶ್ವಾಸಕೋಶ ಸೇರಿತು. 1940ರ ದಶಕದ ಸಮೀಕ್ಷೆಯಲ್ಲಿ ಪರೀಕ್ಷಿಸಿದ ಕಾರ್ಮಿಕರಲ್ಲಿ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಮಂದಿಗೆ ಸಿಲಿಕೋಸಿಸ್ ಇರುವುದು ಕಂಡುಬಂತು. ಈ ಅಂಕಿಯನ್ನು ದಾಖಲಿಸಿದವರು ವೈದ್ಯರು. ಉಸಿರಾಡಲಾಗದ ಗಂಡನನ್ನು ವರ್ಷಗಟ್ಟಲೆ ನೋಡಿಕೊಂಡು ಮಕ್ಕಳನ್ನು ಸಾಕಿದ ಹೆಂಡತಿಯ ಲೆಕ್ಕ ಅದರಲ್ಲಿಲ್ಲ. ಗಣಿ ಮುಚ್ಚಿದ ಮೇಲೆ ನಸುಕಿನಲ್ಲೇ ಮಾರಿಕುಪ್ಪಂನಿಂದ ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ಹೋಗಿ, ರಾತ್ರಿ ಮರಳುವವರಲ್ಲಿ ಆ ಮನೆಗಳ ಹೆಣ್ಣುಮಕ್ಕಳೂ ಇದ್ದಾರೆ. ಗಂಡಸರ ಗಣಿ ನಿಂತ ಊರನ್ನು ನಿಲ್ಲದಂತೆ ಹಿಡಿದವರಲ್ಲಿ ಇವರೂ ಸೇರಿದ್ದಾರೆ.

ಕನ್ನಡದ ಮಹಿಳಾ ಚರಿತ್ರೆಗೆ ಇವರು ಕಾಣದಿರಲು ಇನ್ನೊಂದು ಕಾರಣವನ್ನೂ ಒಪ್ಪಿಕೊಳ್ಳಬೇಕು. ಇವರಲ್ಲಿ ಹೆಚ್ಚಿನವರ ಮನೆಮಾತು ತಮಿಳು ಅಥವಾ ತೆಲುಗು. ಮೈಸೂರು ಸಂಸ್ಥಾನದ ಬೊಕ್ಕಸಕ್ಕೆ ಇವರ ದುಡಿಮೆಯಿಂದ ರಾಯಧನ ಸಂದಾಯವಾಯಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಮೊದಲು ಹರಿದು ಬಂದದ್ದು ಇದೇ ಗಣಿಗೆ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಚಿನ್ನ ನಮ್ಮದು, ಬೆಳಕು ನಮ್ಮದು, ದುಡಿದವರು ಮಾತ್ರ ಬೇರೆಯವರೇ? ಇತಿಹಾಸಕಾರ್ತಿ ಜಾನಕಿ ನಾಯರ್ ಸಂಸ್ಥಾನದ ಗಣಿ ಮತ್ತು ಗಿರಣಿ ಕಾರ್ಮಿಕರ ಬಗ್ಗೆ 1998ರಲ್ಲೇ ಗ್ರಂಥ ಪ್ರಕಟಿಸಿದರು. ಅಂತಹ ಅಧ್ಯಯನಗಳನ್ನು ನಮ್ಮ ಮಹಿಳಾ ದಿನದ ಭಾಷಣಗಳು ಇನ್ನೂ ಮುಟ್ಟಿಲ್ಲ.

ಹಾಗಾದರೆ ಸಾಧಕಿಯರ ಬಗ್ಗೆ ಬರೆಯುವುದು ಹೇಗೆ? ಹಳೆಯ ಒಂದು ಮಾದರಿ ನಮ್ಮ ಮುಂದಿದೆ. 15ನೇ ಶತಮಾನದ ಕೈರೋದ ವಿದ್ವಾಂಸ ಸಖಾವಿ ತಮ್ಮ ಕಾಲದವರ ಚರಿತ್ರೆ ಬರೆದಾಗ ಕೊನೆಯ ಸಂಪುಟವನ್ನು ಪೂರ್ತಿಯಾಗಿ ಮಹಿಳೆಯರಿಗೇ ಮೀಸಲಿಟ್ಟರು. ಸಾವಿರಕ್ಕೂ ಹೆಚ್ಚು ಮಂದಿಯ ವಿವರ ಅದರಲ್ಲಿದೆ. ಯಾರಿಂದ ಕಲಿತಳು, ಯಾರು ಆಕೆಗೆ ಬೋಧನೆಯ ಅನುಮತಿ ಕೊಟ್ಟರು ಎಂಬುದೆಲ್ಲ ಸಿಕ್ಕಷ್ಟು ದಾಖಲಾಗಿದೆ. ಇಂತಹ ಗ್ರಂಥಗಳನ್ನು ಜಾಲಾಡಿ ಮುಹಮ್ಮದ್ ಅಕ್ರಮ್ ನದ್ವಿಯವರು ಹದೀಸ್ ವಿದ್ವಾಂಸೆಯರನ್ನು ಹುಡುಕಲು ಹೊರಟಾಗ ಇಪ್ಪತ್ತು ಮೂವತ್ತು ಹೆಸರು ಸಿಕ್ಕೀತೆಂದು ಎಣಿಸಿದ್ದರಂತೆ. 2021ರಲ್ಲಿ ಅವರ ಕೃತಿ ಪ್ರಕಟವಾದಾಗ ಅದು 43 ಸಂಪುಟಗಳಷ್ಟಾಗಿತ್ತು, ಸುಮಾರು ಹತ್ತು ಸಾವಿರ ಮಹಿಳೆಯರು ಅದರಲ್ಲಿದ್ದರು. ಹೆಸರು, ಊರು, ಕೆಲಸ ಎಂದು ಯಾರೋ ಅಂದೇ ಬರೆದಿಟ್ಟದ್ದರಿಂದಲೇ ಇದು ಸಾಧ್ಯವಾಯಿತು. ಬರೆದಿಟ್ಟದ್ದು ಕಾಲಾಂತರದಲ್ಲಿ ಮರೆತುಹೋದರೂ ಮತ್ತೆ ಸಿಗುತ್ತದೆ. ಬರೆಯದೇ ಬಿಟ್ಟದ್ದು ಸಿಗುವುದಿಲ್ಲ.

ಬಂಗಾರಪೇಟೆಯ, ಕೆಜಿಎಫ್‌ನ ಶಾಲೆಗಳು ಮುಂದಿನ ಮಾರ್ಚ್ 8ಕ್ಕೆ ಹಳೆಯ ಪಟ್ಟಿಯನ್ನೇ ಮತ್ತೆ ಗೋಡೆಗೆ ಅಂಟಿಸಬೇಕಾಗಿಲ್ಲ. ಬಿಭಾ ಚೌಧುರಿ ಯಾರು, ಈ ಊರಿನ ಪ್ರಯೋಗಗಳಲ್ಲಿ ಅವರು ಯಾಕೆ ತೊಡಗಿದರು ಎಂದು ಮಕ್ಕಳಿಗೆ ಹೇಳಲಿ. ಜೊತೆಗೆ ಒಂದು ನೋಟುಪುಸ್ತಕ ಕೊಟ್ಟು ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ, ಉರಿಗಾಂ, ಮಾರಿಕುಪ್ಪಂನ ಅಜ್ಜಿಯಂದಿರ ಬಳಿ ಕಳಿಸಲಿ. ಯಾವ ವರ್ಷ ಬಂದಿರಿ, ಏನು ಕೆಲಸ ಮಾಡಿದಿರಿ, ಕೂಲಿ ಎಷ್ಟಿತ್ತು, ಮನೆಯವರು ಕೆಮ್ಮುತ್ತಾ ಮಲಗಿದ ಮೇಲೆ ಸಂಸಾರ ಹೇಗೆ ನಡೆಸಿದಿರಿ ಎಂದು ಕೇಳಿ ಬರೆದುಕೊಳ್ಳಲಿ. ಗಣಿ ಮುಚ್ಚಿ ಕಾಲು ಶತಮಾನ ದಾಟಿದೆ. ಉತ್ತರ ಹೇಳಬಲ್ಲವರು ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ.