ಉಸಿರಿನ ಲಯ: ಕೊರಿಯದ ನೃತ್ಯ ಮತ್ತು ತಾಳವಾದ್ಯಗಳ ರಸಿಕರಿಗೊಂದು ಕೈಪಿಡಿ

ಕೊರಿಯದ ಸಾಂಪ್ರದಾಯಿಕ ನೃತ್ಯವನ್ನು ಮೊದಲ ಬಾರಿ ನೋಡುವವರು ಹಸ್ತಮುದ್ರೆಗಳ ಅರ್ಥವನ್ನೂ ಕಥೆಯ ಎಳೆಯನ್ನೂ ಅರಸುವುದುಂಟು. ಆದರೆ ಅಲ್ಲಿ ಮೊದಲು ಗಮನಿಸಬೇಕಾದದ್ದು ಉಸಿರು. ಉಸಿರೆಳೆದಾಗ ನರ್ತಕಿಯ ಮೈ ಮೇಲೇಳುತ್ತದೆ, ಬಿಟ್ಟಾಗ ಮೊಣಕಾಲು ಬಾಗಿ ಭಾರ ನೆಲಕ್ಕಿಳಿಯುತ್ತದೆ. ಇವೆರಡರ ನಡುವೆ ಕ್ಷಣಕಾಲ ಎಲ್ಲವೂ ತಡೆದು ನಿಲ್ಲುವ ನಿಶ್ಚಲತೆಯಲ್ಲೇ ಈ ಕಲೆಯ ಸೊಗಸೆಲ್ಲ ಅಡಗಿದೆ.

ಈ ಉಸಿರಿಗೆ ಆಧಾರವಾಗಿರುವುದು ಜಾಂಗ್‌ದಾನ್, ಅಂದರೆ ಮರುಕಳಿಸುವ ಲಯಾವರ್ತ. ನೃತ್ಯದಲ್ಲಿ ಹೆಚ್ಚಾಗಿ ಕೇಳಿಬರುವ ಗುಟ್‌ಗೊರಿ ಎಂಬ ಆವರ್ತದಲ್ಲಿ ನಾಲ್ಕು ಘಾತಗಳಿದ್ದು, ಪ್ರತಿಯೊಂದೂ ಮೂರಾಗಿ ಒಡೆಯುವುದರಿಂದ ತಿಶ್ರ ನಡೆಗೆ ಪಳಗಿದ ಕಿವಿ ಅದನ್ನು ಬೇಗ ಹಿಡಿಯುತ್ತದೆ. ಅದನ್ನು ನುಡಿಸುವ ಜಾಂಗು ನಡು ಸಣ್ಣಗಿರುವ, ಎರಡು ಮುಖಗಳ ಮದ್ದಳೆ. ಎಡಮುಖದ ನಾದ ಗಂಭೀರ, ತೆಳು ಬಿದಿರುಕಡ್ಡಿಯಿಂದ ನುಡಿಸುವ ಬಲಮುಖದ್ದು ಚುರುಕು.

ನೃತ್ಯ ಹಾಗೂ ವಾದನ ಅಲ್ಲಿ ಬೇರೆಬೇರೆ ವಿದ್ಯೆಗಳಾಗಿ ಬೆಳೆಯಲಿಲ್ಲವೆಂಬುದಕ್ಕೆ, ಹಳೆಯ ನೃತ್ಯಗಳನ್ನು 1930ರ ದಶಕದಲ್ಲಿ ರಂಗಕ್ಕೆ ಅಳವಡಿಸಿದ ಹಾನ್ ಸೊಂಗ್-ಜುನ್ ಸ್ವತಃ ಹೆಸರಾಂತ ತಾಳವಾದಕರಾಗಿದ್ದುದೇ ಸಾಕ್ಷಿ. ಶಾಮನರ ಆಚರಣೆಗಳ ಸಂಗೀತದೊಂದಿಗೆ ಬೆಸೆದಿರುವ ಸಾಲ್‌ಪುರಿಯಲ್ಲಿ ಉದ್ದನೆಯ ಬಿಳಿ ವಸ್ತ್ರವೊಂದು ತೇಲುತ್ತದೆ, ಸುರುಳಿಗೊಳ್ಳುತ್ತದೆ, ನೆಲಕ್ಕೆ ಬೀಳುತ್ತದೆ. ಅದನ್ನು ಮತ್ತೆ ಎತ್ತಿಕೊಳ್ಳುವ ಮುನ್ನ ನರ್ತಕಿ ತೋರುವ ತಡವನ್ನು ಆತುರವಿಲ್ಲದೆ ನೋಡಬೇಕು. ಬೌದ್ಧ ಸನ್ಯಾಸಿಯ ವೇಷದ ಸುಂಗ್‌ಮುವಿನಲ್ಲಾದರೋ ನೀಳ ತೋಳುಗಳ ನಿಧಾನಗತಿಯ ಬೀಸು ಬಹಳ ಹೊತ್ತು ಸಾಗಿ, ಕೊನೆಗೆ ನರ್ತಕಿಯೇ ಕೋಲು ಹಿಡಿದು ದೊಡ್ಡ ನಗಾರಿಯ ಮುಂದೆ ನಿಲ್ಲುತ್ತಾಳೆ. ಆ ಘಟ್ಟದಲ್ಲಿ ನೃತ್ಯವೇ ವಾದನವಾಗುತ್ತದೆ. ಕೊರಿಯದ ಕಲೆಯಲ್ಲಿ ಇದಕ್ಕಿಂತ ಪರಿಪೂರ್ಣವಾದ ಗಳಿಗೆ ವಿರಳ.

ಹಳ್ಳಿಯ ರೈತರು ಬಯಲಿನಲ್ಲಿ ಕುಣಿಯುತ್ತ ನುಡಿಸುವ ಪುಂಗ್‌ಮುಲ್ ಎಂಬ ವಾದ್ಯಮೇಳವನ್ನು ಯುನೆಸ್ಕೊ 2014ರಲ್ಲಿ ನೊಂಗಾಕ್ ಎಂಬ ಹೆಸರಿನಿಂದ ತನ್ನ ಪಟ್ಟಿಗೆ ಸೇರಿಸಿತು. ಅದರ ನಾಲ್ಕು ವಾದ್ಯಗಳನ್ನಷ್ಟೇ ಆಯ್ದು, ಕುಳಿತು ನುಡಿಸುವಂತೆ ರೂಪಿಸಿದ ಸಾಮುಲ್‌ನೋರಿ ಕಿಮ್ ದೊಕ್-ಸು, ಕಿಮ್ ಯೊಂಗ್-ಬೆ ಮೊದಲಾದವರಿಂದ 1978ರಲ್ಲಿ ಸೋಲ್ ನಗರದ ಪುಟ್ಟ ರಂಗಮಂದಿರವೊಂದರಲ್ಲಿ ಆರಂಭವಾಯಿತು. ಮೇಳವನ್ನು ಮುನ್ನಡೆಸುವುದು ಕ್ವೆಂಗ್‌ಗ್ವಾರಿ ಎಂಬ ಚಿಕ್ಕ ಜಾಗಟೆ. ಜಾಂಗು ಮತ್ತು ಬುಕ್ ಎಂಬ ಡೋಲು ಒಡಲನ್ನು ತುಂಬುತ್ತವೆ. ಮೊದಲ ಸಲ ಕೇಳುವವರು ಇವುಗಳ ಅಬ್ಬರಕ್ಕೆ ಬೆದರದೆ, ಜಿಂಗ್ ಎಂಬ ದೊಡ್ಡ ಜಾಗಟೆಯ ದೀರ್ಘನಾದವನ್ನು ಮಾತ್ರ ಅನುಸರಿಸುವುದು ಲೇಸು, ಏಕೆಂದರೆ ಆವರ್ತದ ಮುಖ್ಯ ಘಾತಗಳನ್ನು ತೋರಿಸುವುದು ಅದೇ. ಕೊನೆಯ ವೇಗವನ್ನಷ್ಟೇ ಮೆಚ್ಚುವುದು ಅರ್ಧ ರಸಿಕತೆ. ನಿಧಾನದ ಆರಂಭದಲ್ಲಿ ಕಿವಿ ನೆಟ್ಟವರಿಗೆ ಮಾತ್ರ ಆ ವೇಗ ಹೇಗೆ ಹುಟ್ಟಿತೆಂದು ತಿಳಿಯುತ್ತದೆ.

ನಡುನಡುವೆ 'ಒಲ್‌ಶಿಗು', 'ಚೋತಾ' ಎಂದು ಕೇಳುಗರು ಕೂಗುವ ಉದ್ಗಾರಗಳಿಗೆ ಚುಯಿಮ್‌ಸೆ ಎಂದು ಹೆಸರು. ಅವು ಕಲಾವಿದರಿಗೆ ಹುರುಪು ತುಂಬುವುದರಿಂದ, ಹೊಸ ರಸಿಕರೂ ಲಯ ಕೈಹತ್ತಿದ ಮೇಲೆ ಸಂಕೋಚ ಬಿಟ್ಟು ದನಿಗೂಡಿಸಬೇಕು.