ಮನೆತನದ ಕಿವಿ

ಅಜ್ಜನವರ ವೀಣೆಯು ಮೊಮ್ಮಗಳಿಗೆ ಬರುವುದಕ್ಕೆ ಯಾವ ಸರ್ಕಾರದ ಅಪ್ಪಣೆಯೂ ಬೇಕಾಗಿಲ್ಲ. ಆಕೆ ಅದನ್ನು ಅಪಸ್ವರದಲ್ಲಿ ನುಡಿಸಿದರೂ ನೆರೆಮನೆಯವರು ನೊಂದಾರೇ ಹೊರತು ಕಾನೂನು ನೋಯದು. ಹವ್ಯಾಸಿ ರೇಡಿಯೋದ ಸಂಗತಿ ಹಾಗಲ್ಲ. ಅಜ್ಜನವರು ರೇಡಿಯೋ ಹವ್ಯಾಸಿಯಾಗಿದ್ದರೆ ಅವರ ಪ್ರೇಷಕಯಂತ್ರ, ಮೋರ್ಸ್ ಕೀ, ತಾರಸಿಯ ಮೇಲಿನ ಆಂಟೆನಾ, ದೇಶದೇಶಗಳಿಂದ ಬಂದು ರಟ್ಟಿನ ಪೆಟ್ಟಿಗೆಯನ್ನು ತುಂಬಿದ, ಸಂಪರ್ಕವನ್ನು ದೃಢಪಡಿಸುವ ಕ್ಯೂಎಸ್‌ಎಲ್ ಕಾರ್ಡುಗಳು, ಇವೆಲ್ಲವೂ ಅವರು ಕಾಲವಾದ ಮೇಲೆ ಮಕ್ಕಳ ಪಾಲಿಗೆ ಬಂದಾವು. ಆದರೆ ಆ ಯಂತ್ರದ ಮುಂದೆ ಕುಳಿತು ಒಂದೇ ಒಂದು ಮಾತನ್ನು ಆಕಾಶಕ್ಕೆ ಬಿಡುವ ಅಧಿಕಾರವು ಅವರೊಡನೆಯೇ ಮುಗಿದಿರುತ್ತದೆ. ಹೀಗಿದ್ದೂ ಹ್ಯಾಮ್‌ಗಳೆಂದು ಕರೆಸಿಕೊಳ್ಳುವ ಈ ಹವ್ಯಾಸಿಗಳ ಮನೆಯಲ್ಲಿ ಮತ್ತೆ ಮತ್ತೆ ಹ್ಯಾಮ್‌ಗಳೇ ತಲೆಯೆತ್ತುವುದನ್ನು ಕಾಣುತ್ತೇವಾದ್ದರಿಂದ, ಪಿತ್ರಾರ್ಜಿತವಾಗಲಾರದ ಈ ವಿದ್ಯೆಯು ಯಾವ ದಾರಿಯಿಂದ ಪರಂಪರೆಯಾಗುತ್ತದೆಂಬುದು ವಿಚಾರ ಮಾಡತಕ್ಕ ಸಂಗತಿಯೇ ಸರಿ.

ನಮ್ಮ ದೇಶದಲ್ಲಿ ಹವ್ಯಾಸಿ ರೇಡಿಯೋ ಕುರಿತ 1978ರ ನಿಯಮಾವಳಿಯೂ ಅದರ ತಿದ್ದುಪಡಿಗಳೂ ಹನ್ನೆರಡು ವರ್ಷ ತುಂಬಿದವರನ್ನು ಪರೀಕ್ಷೆಗೆ ಕೂಡಿಸುತ್ತವೆ. ಮೋರ್ಸ್ ಇಲ್ಲದೆ ತೇರ್ಗಡೆಯಾದವರಿಗೆ ಆಕಾಶದಲ್ಲಿ ಅವರನ್ನು ಗುರುತಿಸುವ, ವಿಯು3 ಎಂದು ಆರಂಭವಾಗುವ ಕಾಲ್‌ಸೈನ್, ನಿಮಿಷಕ್ಕೆ 8 ಪದಗಳ ವೇಗದಲ್ಲಿ ಮೋರ್ಸನ್ನು ಕಳುಹಿಸಿ, ಸ್ವೀಕರಿಸಿ ತೋರಿಸಿದವರಿಗೆ ವಿಯು2. ಒಂದೇ ಸೂರಿನಡಿ ಬಾಳುವ ಗಂಡಹೆಂಡಿರಿಗೂ ಕಾಲ್‌ಸೈನ್ ಬೇರೆಬೇರೆ: ರಾಜೀವ್ ಗಾಂಧಿಯವರದು ವಿಯು2ಆರ್‌ಜಿ, ಸೋನಿಯಾ ಗಾಂಧಿಯವರದು ವಿಯು2ಎಸ್‌ಒಎನ್. ಹೀಗೆ ಪಡೆದ ಅನುಮತಿಯೂ ನಿರಂಕುಶವಾದುದಲ್ಲ. ಮೈಸೂರಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಊರಿಗೆ ಸಂಗೀತವನ್ನೂ ಭಾಷಣವನ್ನೂ ಕೇಳಿಸಿದ್ದು ನಮಗೆಲ್ಲ ಹೆಮ್ಮೆಯ ವಿಷಯವಾದರೂ, ಇಂದಿನ ಹ್ಯಾಮ್ ಅದನ್ನು ಮಾಡುವಂತಿಲ್ಲ. ಹಾಡುವುದೂ ವ್ಯಾಪಾರದ ಮಾತೂ ಅವನಿಗೆ ನಿಷಿದ್ಧ. ಇನ್ನೊಬ್ಬ ಹ್ಯಾಮ್‌ನೊಡನೆ ಸಂಭಾಷಣೆ, ಅಷ್ಟೇ ಅವನ ಹಕ್ಕು.

ಆದರೆ ಕೇಳುವುದಕ್ಕೆ ಪರೀಕ್ಷೆಯಿಲ್ಲ. ಪರಂಪರೆಯು ಒಳಹೊಗುವುದು ಈ ಬಾಗಿಲಿನಿಂದ. ಬೆಳಗಿನ ಹೊತ್ತು ತಂದೆಯು ನಲವತ್ತು ಮೀಟರಿನ ತರಂಗಪಟ್ಟಿಯನ್ನು ತೆರೆದಾಗ, ಕನ್ನಡ, ತಮಿಳು, ತೆಲುಗು, ಮಲಯಾಳಗಳ ಕುಶಲಪ್ರಶ್ನೆಗಳು ಗೊರಗೊರ ಸದ್ದಿನ ನಡುವೆ ತೇಲಿಬರುತ್ತಿರಲು, ಪಕ್ಕದಲ್ಲಿ ಹಾಲಿನ ಲೋಟ ಹಿಡಿದು ನಿಂತ ಮಗುವಿಗೆ ಮೊದಮೊದಲು ಗೊರಗೊರವಷ್ಟೇ ಕೇಳಿಸುತ್ತದೆ. ಕೆಲವು ತಿಂಗಳು ಕಳೆಯುವಷ್ಟರಲ್ಲಿ ಅದರೊಳಗಿನ ಮನುಷ್ಯನು ಕೇಳಿಸತೊಡಗುತ್ತಾನೆ. ಹಗಲಿನಲ್ಲಿ ವಾಯುಮಂಡಲದ ಡಿ ಪದರವು ಈ ಅಲೆಗಳನ್ನು ಹೀರಿಕೊಳ್ಳುವುದರಿಂದ ಮಂಗಳೂರು, ಹುಬ್ಬಳ್ಳಿಗಳು ಸಿಕ್ಕರೆ ತೃಪ್ತಿ. ಕತ್ತಲಾಗಿ ಆ ಪದರ ಕರಗಿದ ಮೇಲೆ ಅದೇ ತಂತಿಗೆ ಸಮುದ್ರದಾಚೆಯ ದನಿಗಳು ತಾಗುತ್ತವೆ. ಇದನ್ನು ಪುಸ್ತಕದಲ್ಲಿ ಓದಿದವರೂ ಉಂಟು, ಅಡುಗೆಮನೆಗೂ ರೇಡಿಯೋ ಕೋಣೆಗೂ ನಡುವೆ ಓಡಾಡುತ್ತ ಅರಿತವರೂ ಉಂಟು. ಇಬ್ಬರ ಕಿವಿಯೂ ಒಂದೇ ಅಲ್ಲ. ದೂರದ ದನಿಗಳ ಲಭ್ಯತೆಯನ್ನು ನಿರ್ಧರಿಸುವ ಸೂರ್ಯನ ಕಲೆಗಳ ಏರಿಳಿತಕ್ಕೆ ಸುಮಾರು ಹನ್ನೊಂದು ವರ್ಷಗಳ ಆವರ್ತವಿರುವುದರಿಂದ, ತಂದೆಯು ಸುಭಿಕ್ಷದಲ್ಲಿ ಕಲಿತು ಮಗಳು ದುರ್ಭಿಕ್ಷದಲ್ಲಿ ಆರಂಭಿಸುವುದೂ ಉಂಟು. ಆಗ ಮನೆಯಲ್ಲಿ ಹಿಂದಿನ ಆವರ್ತವನ್ನು ಕಂಡವರೊಬ್ಬರು ಇರದಿದ್ದರೆ ಆಕೆ ಯಂತ್ರವೇ ಕೆಟ್ಟಿತೆಂದು ಬಿಟ್ಟೆದ್ದಾಳು.

ಮೋರ್ಸನ್ನೂ ಕಣ್ಣಿನಿಂದ ಕಲಿತವರು ಪಶ್ಚಾತ್ತಾಪ ಪಡುತ್ತಾರೆ. ಕಾಗದದ ಮೇಲಿನ ಚುಕ್ಕೆಗೀಟುಗಳನ್ನು ಮರೆತು ‘ಡಿ’ ‘ಡಾ’ ಎಂಬ ನಾದವಾಗಿಯೇ ಅದನ್ನು ಗ್ರಹಿಸಬೇಕು. ಲಘುಗುರುಗಳಲ್ಲಿ ಪಳಗಿದ ಕನ್ನಡಿಗರಿಗೆ ಇದು ಸುಲಭವೆಂದು ಕೆಲವರು ಹೇಳುವರು. ನನಗೆ ಅಷ್ಟು ನಂಬಿಕೆಯಿಲ್ಲ, ಏಕೆಂದರೆ ಛಂದಸ್ಸಿನ ಗುರುವಿಗೆ ಎರಡು ಮಾತ್ರೆ, ಮೋರ್ಸಿನ ‘ಡಾ’ಗೆ ಮೂರು, ಮತ್ತು ನಮ್ಮ ಕಿವಿ ಆ ಮೂರನೆಯದನ್ನು ಕೊಡಲು ಸದಾ ಜಿಪುಣತನ ತೋರುತ್ತದೆ. ಆದರೆ ಒಮ್ಮೆ ಹಿಡಿಯಿತೆಂದರೆ, ಕೀ ಒತ್ತುವ ಕೈ ಯಾರದೆಂಬುದನ್ನು ಕಾಲ್‌ಸೈನ್ ಬರುವ ಮುನ್ನವೇ ಗುರುತಿಸಬಹುದು.

ಕಿವಿ ಪರಂಪರೆಯಿಂದ ಬಂದರೂ ಕಾಲ್‌ಸೈನ್ ಹಾಗೆ ಬಾರದೆಂಬುದಕ್ಕೆ ಒಂದು ನಿದರ್ಶನವುಂಟು. ಅಮೆರಿಕದ ಗಗನಯಾತ್ರಿ ಓವೆನ್ ಗ್ಯಾರಿಯಟ್ ಅವರು 1983ರಲ್ಲಿ ಕೊಲಂಬಿಯಾ ನೌಕೆಯಿಂದ, ಕೈಯಲ್ಲಿ ಹಿಡಿಯಬಹುದಾದಷ್ಟು ಸಣ್ಣ ಯಂತ್ರದಿಂದ, ಡಬ್ಲ್ಯು5ಎಲ್‌ಎಫ್‌ಎಲ್ ಎಂಬ ತಮ್ಮ ಕಾಲ್‌ಸೈನನ್ನು ಹೇಳಿ ಭೂಮಿಯ ಹ್ಯಾಮ್‌ಗಳನ್ನು ಮಾತಾಡಿಸಿದರು. ಅಂತರಿಕ್ಷದಿಂದ ಈ ಕಾರ್ಯ ಮಾಡಿದವರಲ್ಲಿ ಅವರೇ ಮೊದಲಿಗರು. 2008ರಲ್ಲಿ ಮಗ ರಿಚರ್ಡ್, ರಷ್ಯದ ಸೋಯುಜ್ ಏರಿ ಅಂತರರಾಷ್ಟ್ರೀಯ ನಿಲ್ದಾಣಕ್ಕೆ ಹೋಗಿ, ಡಬ್ಲ್ಯು5ಕೆಡಬ್ಲ್ಯುಕ್ಯು ಎಂಬ ತನ್ನದೇ ಕಾಲ್‌ಸೈನಿನಿಂದ ಕರೆ ನೀಡಿದನು. ಭೂಮಿಯಿಂದ ನೂರಾರು ಕಿಲೋಮೀಟರು ಮೇಲೆ ಹೋದರೂ ತಂದೆಯ ಹೆಸರಿನಲ್ಲಿ ಮಗನು ಮಾತಾಡುವಂತಿಲ್ಲವೆಂಬುದು ನನಗೆ ಬಹಳ ಹಿಡಿಸಿದ ವಿಷಯ.

ಹ್ಯಾಮ್‌ಗಳು ಬೆಳೆಯುವ ಮನೆಗಳಲ್ಲಿ ಹೆತ್ತವರಿಗೆ ಬೇಕಾದುದು ಜ್ಞಾನಕ್ಕಿಂತ ಹೆಚ್ಚಾಗಿ ತಾಳ್ಮೆ. ದ್ವಂದ್ವ ಪಲ್ಸಾರಿನ ಶೋಧಕ್ಕಾಗಿ 1993ರಲ್ಲಿ ನೊಬೆಲ್ ಪಡೆದ ಜೋ ಟೇಲರ್ ಅವರು ಬಾಲ್ಯದಲ್ಲಿ ಅಣ್ಣನೊಡಗೂಡಿ ನ್ಯೂಜೆರ್ಸಿಯ ತೋಟದ ಮನೆಯ ಮೂರನೆಯ ಅಂತಸ್ತನ್ನು ರೇಡಿಯೋ ಯಂತ್ರಗಳಿಂದ ತುಂಬಿದ್ದರು; ಒಮ್ಮೆ ಅವರ ತಿರುಗುವ ಆಂಟೆನಾ ಇಟ್ಟಿಗೆಯ ಹೊಗೆಗೊಳವೆಯನ್ನು ಛಾವಣಿಯ ಮಟ್ಟಕ್ಕೆ ಕತ್ತರಿಸಿಯೇಬಿಟ್ಟಿತಂತೆ. ನಮ್ಮ ಬೆಂಗಳೂರಿನ ಮೂವತ್ತು ನಲವತ್ತರ ನಿವೇಶನದಲ್ಲಿ ಅಂಥ ವೈಭವಕ್ಕೆ ಎಡೆಯಿಲ್ಲ. ನಲವತ್ತು ಮೀಟರಿನ ಡೈಪೋಲ್ ತಂತಿಗೆ ತುದಿಯಿಂದ ತುದಿಗೆ ಸುಮಾರು 20 ಮೀಟರು ಉದ್ದ ಬೇಕು. ನಿವೇಶನದ ಕರ್ಣರೇಖೆಯೇ ಐವತ್ತು ಅಡಿ, ಎಂದರೆ ಹದಿನೈದು ಮೀಟರು. ಆದುದರಿಂದ ನಡುವೆ ಕಂಬ ನೆಟ್ಟು, ಎರಡು ತೋಳುಗಳನ್ನೂ ಕೆಳಗೆ ಇಳಿಬಿಟ್ಟು, ತಿರುಗುಮುರುಗಾದ ‘ವಿ’ಯಂತೆ ಕಟ್ಟುತ್ತಾರೆ, ಆಗ ಅದು ಮೂಲೆಯಿಂದ ಮೂಲೆಗೆ ಹೇಗೋ ಹಿಡಿಸುತ್ತದೆ. ವಸತಿ ಸಮುಚ್ಚಯದಲ್ಲಿ ಇಷ್ಟಕ್ಕೂ ಒಪ್ಪಿಗೆ ದೊರೆಯದು; ತಾರಸಿಯಲ್ಲಿ ಬಟ್ಟೆ ಒಣಗಿಸುವ ತಂತಿಗೆ ಇರುವ ಗೌರವವು ಆಂಟೆನಾಕ್ಕೆ ಇಲ್ಲವೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸಾಲದುದಕ್ಕೆ ಎಲ್‌ಇಡಿ ದೀಪಗಳೂ ಚಾರ್ಜರುಗಳೂ ಎಬ್ಬಿಸುವ ಗದ್ದಲದಲ್ಲಿ ಕ್ಷೀಣ ದನಿಗಳು ಮುಳುಗಿಹೋಗುತ್ತವೆ.

ಇದೇ ಟೇಲರ್ ಅವರು ಸ್ಟೀವ್ ಫ್ರ್ಯಾಂಕ್ ಅವರೊಡಗೂಡಿ 2017ರಲ್ಲಿ ಎಫ್‌ಟಿ8 ಎಂಬ ವಿಧಾನವನ್ನು ಕೊಟ್ಟರು. ಹದಿನೈದು ಸೆಕೆಂಡಿನ ಸರದಿಗಳಲ್ಲಿ ಗಣಕಗಳೇ ಪರಸ್ಪರ ಕಾಲ್‌ಸೈನ್ ವಿನಿಮಯ ಮಾಡಿಕೊಳ್ಳುತ್ತವೆ; ಯಾವ ಕಿವಿಗೂ ಕೇಳಿಸದ ಸಂಕೇತವನ್ನು ಗದ್ದಲದಡಿಯಿಂದ ಎತ್ತಿಕೊಡುತ್ತವೆ. ಕಿವಿಯ ಪಕ್ಷಪಾತಿಯಾದ ನನಗೆ ಇದು ರುಚಿಸದು. ಹೆಸರು ಕೇಳದೆ, ಊರಿನ ಮಳೆಬೆಳೆ ವಿಚಾರಿಸದೆ ಮುಗಿಯುವ ಭೇಟಿ ಎಂಥ ಭೇಟಿ? ಆದರೂ ಬಾಲ್ಕನಿಯ ಕಂಬಿಗೆ ಒಂದು ಮೋಟು ತಂತಿ ಕಟ್ಟಿಕೊಂಡು ಜಪಾನನ್ನು ಮುಟ್ಟಬಹುದಾದರೆ, ಈ ಹವ್ಯಾಸವು ಅಂಥ ಮನೆಗಳಲ್ಲಿ ಮುಂದಿನ ತಲೆಗೆ ದಾಟುವುದು ಅದರಿಂದಲೇ ಎಂಬುದನ್ನು ಅಲ್ಲಗಳೆಯಲಾರೆ.

ನಾನು ಬಲ್ಲ ಒಂದು ಮನೆಯಲ್ಲಿ ತಂದೆ ಮೋರ್ಸಿನವರು, ಮಗಳು ಎಫ್‌ಟಿ8ರವಳು, ಆಂಟೆನಾ ಒಂದೇ. ಬೆಳಗಿನ ಎಂಟರವರೆಗೆ ಅದು ಅಪ್ಪನದು, ಸಂಜೆ ಮಗಳದು ಎಂದು ಮನೆಯೊಡತಿಯು ತೀರ್ಪಿತ್ತಿದ್ದಾರೆ. ಈಚೆಗೆ ಅವರೇ ಪರೀಕ್ಷೆಗೆ ಅರ್ಜಿ ಹಾಕಿರುವುದರಿಂದ ಈ ಒಪ್ಪಂದವು ಎಷ್ಟು ಕಾಲ ನಿಂತೀತೆಂದು ಅಪ್ಪಮಗಳಿಬ್ಬರಿಗೂ ಅನುಮಾನ.